ಬಯ್ಗುಳಾದ ಎರಡು ಹೆಸರುಗಳು: ಬಿಜ್ಜಳ, ಕೊಂಡಿ ಮಂಚಣ್ಣ

ಬಸವೇಶ್ವರರ ಜನ್ಮಸ್ಥಳವಾದ ಬಾಗೇವಾಡಿಯ ಸೀಮೆಯಲ್ಲಿಯೂ ಕನ್ನಡನಾಡಿನ ಇತರೆಡೆಗಳಲ್ಲಿಯೂ ರಾಜಕೀಯ ಎದುರಾಳಿಯನ್ನು ಹಳೆಯ ಹೆಸರಿನಿಂದ ಜರೆಯುವುದುಂಟು. ಅಧಿಕಾರದಲ್ಲಿರುವವನು ‘ಬಿಜ್ಜಳ’, ಅವನ ಕಿವಿಯೂದುವವನು ‘ಕೊಂಡಿ ಮಂಚಣ್ಣ’. 2017-18ರಲ್ಲಿ ಲಿಂಗಾಯತ ಸ್ವತಂತ್ರಧರ್ಮದ ವಾದವೆದ್ದಾಗಲೂ ಇಂತಹ ಹೆಸರುಗಳು ಕೇಳಿಬಂದವು. ಹೀಗೆ ಕರೆದವನು ಬಸವಣ್ಣನವರ ಪಕ್ಷವನ್ನು ತನ್ನದಾಗಿಸಿಕೊಂಡೇ ಮಾತಿಗೆ ತೊಡಗುತ್ತಾನೆ. ಎದುರಾಳಿಗೆ ಉತ್ತರಿಸಲು ಸ್ಥಳವೇ ಉಳಿಯದು.

ಹಳೆಯ ಕನ್ನಡದಲ್ಲಿ ‘ಕೊಂಡೆಯ’ವೆಂದರೆ ಚಾಡಿ. ಆ ಅರ್ಥ ಮರೆಯಾಗಿ ಇಂದಿನ ಕಿವಿಗೆ ಚೇಳಿನ ಕೊಂಡಿಯೇ ನೆನಪಾಗುವುದರಿಂದ ಬಯ್ಗುಳು ಇನ್ನಷ್ಟು ಹರಿತವಾಗಿದೆಯೆನ್ನಬಹುದು. ಈ ಮಂಚಣ್ಣನ ಚಿತ್ರ ಬಂದುದು ಪುರಾಣಕಾವ್ಯಗಳಿಂದ. ಭೀಮಕವಿಯ ಬಸವಪುರಾಣ 1369ರದು. ಎಂದರೆ ಕಲ್ಯಾಣದ ಕ್ಷೋಭೆಗಿಂತ ಇನ್ನೂರು ವರ್ಷ ಈಚಿನದು.

ಬಿಜ್ಜಳನ ಸಂಗತಿ ಬೇರೆ. ಮಂಗಳವಾಡದ ಈ ಕಳಚುರಿ ಅರಸನಿಗೆ ಶಾಸನಗಳ ಸಾಕ್ಷ್ಯವುಂಟು. ಇಂಡಿಯ ಕಡೆಯ ತದ್ದೇವಾಡಿಯ ಹೆಸರನ್ನು ಹೊತ್ತ ತರ್ದವಾಡಿ ಸಾಸಿರವನ್ನು ಚಾಲುಕ್ಯರ ಮಹಾಮಂಡಲೇಶ್ವರನಾಗಿ ಆಳಿ, ಬಳಿಕ ಅವರ ಸಿಂಹಾಸನವನ್ನೇ ಸೆಳೆದುಕೊಂಡವನು. 1167ರಲ್ಲಿ ಮಗ ಸೋವಿದೇವನಿಗೆ ಪಟ್ಟವನ್ನು ಬಿಟ್ಟನು. ‘ದುಷ್ಟರಾಜ’ನೆಂಬ ಬಿರುದು ಮಾತ್ರ ವೀರಶೈವ ಕಾವ್ಯಪರಂಪರೆಯದು. ಧರಣಿ ಪಂಡಿತನ ‘ಬಿಜ್ಜಳರಾಯಚರಿತೆ’ಯೆಂಬ ಜೈನಕೃತಿಯಲ್ಲಿ ಕಥೆಯೇ ತಿರುಗುಮುರುಗು: ಅಲ್ಲಿ ನೊಂದವನು ಅರಸ, ದೂರಿಗೆ ಗುರಿಯಾದವರು ಬಸವಣ್ಣನವರು.