ಪುಷ್ಯಮಾಸದ ಹಿಮ, ಅಂಗಳದ ಕರಿಬೇವು

ದೆಹಲಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಊರಿನಿಂದ ಒಂದಾದರೂ ಗಿಡವನ್ನು ತಾರದ ಮನೆ ವಿರಳ. ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಕರಿಬೇವಿನ ಸಸಿ, ಹಳೆಯ ಡಬ್ಬಿಯಲ್ಲಿ ಮಣ್ಣು ತುಂಬಿ ಊರಿದ ಮಲ್ಲಿಗೆಯ ಕಡ್ಡಿ, ವೀಳ್ಯದ ಬಳ್ಳಿಯ ತುಂಡು ಮುಂತಾದವು ಕರ್ನಾಟಕ ಎಕ್ಸ್‌ಪ್ರೆಸ್ ಗಾಡಿಯಲ್ಲಿ ಎರಡು ರಾತ್ರಿ ಕಳೆದು, ರಾಮಕೃಷ್ಣಪುರಂನ ವಸತಿಗೃಹಗಳ ಅಂಗಳಕ್ಕೂ ಜನಕಪುರಿ, ದ್ವಾರಕಾಗಳ ಬಾಲ್ಕನಿಗಳಿಗೂ ಬಂದು ಸೇರಿವೆ. ಕರಿಬೇವು ಪೇಟೆಯಲ್ಲಿ ದೊರೆಯುವುದಿಲ್ಲವೆಂದಲ್ಲ. ‘ಕಢೀ ಪತ್ತಾ’ ಎಂದು ಕೇಳಿದರೆ ತರಕಾರಿಯವನು ಕೊಡುತ್ತಾನೆ. ಆದರೆ ತಾಯಿಯೋ ಅತ್ತೆಯೋ ತಮ್ಮ ಹಿತ್ತಿಲಿನಿಂದ ಕಿತ್ತು ಕೊಟ್ಟ ಸಸಿಯ ಮಾತೇ ಬೇರೆ. ಕೊಟ್ಟವರು ಕಾಲವಾದ ಮೇಲಂತೂ ಆ ಗಿಡಕ್ಕೆ ಬೆಲೆ ಕಟ್ಟುವವರಿಲ್ಲ.

ಇಂತಹ ಗಿಡವನ್ನು ಉತ್ತರದ ಚಳಿ ಕೊಂದಿತೆಂದು ಹೇಳುವುದು ರೂಢಿ. ವಿಚಾರಿಸಿ ನೋಡಿದರೆ, ಚಳಿ ಕೊಂದುದಕ್ಕಿಂತ ಚಳಿಯ ಬಳಿಕ ಮನೆಯವರ ಕತ್ತರಿಯೂ ಮಾಲಿಯ ಗುದ್ದಲಿಯೂ ಕೊಂದುದೇ ಹೆಚ್ಚೇನೋ ಎಂಬ ಸಂದೇಹ ಹುಟ್ಟದಿರದು. ಸಂಕ್ರಾಂತಿಯ ಆಸುಪಾಸಿನ ಒಂದು ಬೆಳಗ್ಗೆ ಎಳ್ಳುಬೆಲ್ಲ ಬೀರುವ ಗಡಿಬಿಡಿಯಲ್ಲಿ ಗೃಹಿಣಿ ಅಂಗಳಕ್ಕೆ ಬಂದಾಗ, ನಿನ್ನೆಯವರೆಗೆ ಹಸಿರಾಗಿದ್ದ ಎಲೆಗಳು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿರುತ್ತವೆ. ಎರಡು ದಿನಗಳಲ್ಲಿ ಅವು ಕಪ್ಪಾಗಿ ಉದುರುತ್ತವೆ. ಮಾಲಿಯನ್ನು ಕರೆದರೆ ‘ಮರ್ ಗಯಾ, ಸಾಬ್’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾನೆ. ಯಜಮಾನರು ಭಾನುವಾರ ಅದನ್ನು ಕಿತ್ತು ಆ ಜಾಗದಲ್ಲಿ ಚೆಂಡುಹೂವು ನೆಡಿಸುತ್ತಾರೆ. ಅದೇ ಸಾಲಿನ ಮತ್ತೊಂದು ಮನೆಯಲ್ಲಿ, ಕೀಳಲು ಪುರುಸೊತ್ತಾಗದೆ ಉಳಿದ ಒಣಗಿದ ಕರಿಬೇವು ಮಾರ್ಚ್ ತಿಂಗಳಲ್ಲಿ ಚಿಗುರುತ್ತದೆ! ಆಲಸ್ಯಕ್ಕೆ ಇಂತಹ ಫಲ ದೊರೆಯುವುದು ಲೋಕದಲ್ಲಿ ಅಪರೂಪ.

ಕನ್ನಡ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಈ ವ್ಯಾಧಿಯ ಪರಿಚಯವಿಲ್ಲದಿರುವುದು ಸಹಜ. ಇಬ್ಬನಿಯನ್ನೂ ಮಂಜನ್ನೂ ಬಲ್ಲೆವು. ಹಿಂದಿಯವರು ‘ಪಾಲಾ’ ಎಂದು ಕರೆಯುವ, ಎಲೆಯ ಮೇಲೆಯೇ ಹರಳುಗಟ್ಟುವ ಹಿಮಕ್ಕೆ ದಿನಬಳಕೆಯ ಮಾತೊಂದು ಸುಲಭವಾಗಿ ನಾಲಗೆಗೆ ಬಾರದು. ನೀಲಗಿರಿಯ ಚಹಾ ತೋಟಗಳಲ್ಲಿ ಅದು ಎಲೆಗಳನ್ನು ಸುಡುತ್ತದೆ. ಮಹಾಬಳೇಶ್ವರದ ವೆಣ್ಣಾ ಸರೋವರದ ಬಳಿ ಕೆಲವು ಚಳಿಗಾಲಗಳಲ್ಲಿ ಕಾಣಿಸಿಕೊಳ್ಳುತ್ತದೆ. ದೆಹಲಿಯ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ 1935ರ ಜನವರಿ 16ರಂದು ಉಷ್ಣಮಾನ ಶೂನ್ಯಕ್ಕಿಂತಲೂ 0.6 ಡಿಗ್ರಿ ಕೆಳಗಿಳಿದಿತ್ತು. 2006ರ ಜನವರಿ 8ರಂದು ಅಲ್ಲಿ 0.2 ಡಿಗ್ರಿ ದಾಖಲಾಯಿತು. ಅಂದು ನಗರದಲ್ಲಿ ಹಿಮ ಬಿದ್ದುದನ್ನು ಹಲವರು ಕಣ್ಣಾರೆ ಕಂಡರು. 2021ರ ವರ್ಷಾರಂಭದ ದಿನ 1.1 ಡಿಗ್ರಿ.

ಶೂನ್ಯ ಮುಟ್ಟುವುದು ಇಷ್ಟು ವಿರಳವಾಗಿರುವಾಗ ಗಿಡಗಳು ಪದೇ ಪದೇ ಏಕೆ ಬೇಯುತ್ತವೆ ಎಂಬ ಪ್ರಶ್ನೆ ಏಳುತ್ತದೆ. ಹವಾಮಾನ ಇಲಾಖೆಯ ಉಷ್ಣಮಾಪಕವು ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ಮರದ ಪೆಟ್ಟಿಗೆಯೊಳಗೆ ಇರುತ್ತದೆ. ಗಿಡಕ್ಕೆ ಆ ಆಶ್ರಯವಿಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲವೂ ಎಲೆಗಳೂ ಹಗಲಿನಲ್ಲಿ ಗಳಿಸಿದ ಶಾಖವನ್ನೆಲ್ಲ ಆಕಾಶಕ್ಕೆ ಸೂಸಿಬಿಡುತ್ತವೆ. ಮೋಡವಿದ್ದರೆ ಅದು ಕಂಬಳಿಯಂತೆ ತಡೆಯುತ್ತದೆ. ಗಾಳಿ ಬೀಸಿದರೆ ಮೇಲಿನ ಬೆಚ್ಚನೆಯ ಗಾಳಿ ಕೆಳಗಿನದರೊಡನೆ ಬೆರೆಯುತ್ತದೆ. ಎರಡೂ ಇಲ್ಲದ ರಾತ್ರಿ, ತಣ್ಣನೆಯ ಗಾಳಿ ಭಾರವಾಗಿ ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. ಪತ್ರಿಕೆಯಲ್ಲಿ ಮೂರು ಡಿಗ್ರಿಯೆಂದು ಅಚ್ಚಾದ ದಿನ ಅಂಗಳದ ಹುಲ್ಲು ಶೂನ್ಯದಲ್ಲಿರಬಹುದು. ಆಗ ಎಲೆಯ ಜೀವಕೋಶಗಳ ನಡುವಿನ ನೀರು ಮೊದಲು ಹೆಪ್ಪುಗಟ್ಟಿ, ಕೋಶದೊಳಗಿನ ನೀರನ್ನೂ ಹೊರಕ್ಕೆ ಸೆಳೆಯುತ್ತದೆ. ಕೋಶ ಮುದುಡಿ ಅದರ ಪೊರೆ ಹರಿಯುತ್ತದೆ. ಬಿಸಿಲೇರಿದಾಗ ಹಿಮ ಕರಗಿ ರಸ ಸೋರಿಹೋಗುತ್ತದೆ. ಮುಂಜಾನೆಯ ಬಿಸಿಲು ನೇರವಾಗಿ ಬೀಳುವ ಪೂರ್ವದಿಕ್ಕಿನ ಗಿಡಗಳು ಹೆಚ್ಚು ಕೆಡಲು ಈ ಅವಸರದ ಕರಗುವಿಕೆಯೂ ಒಂದು ಕಾರಣ. ಕುಂಡದ ಗಿಡಕ್ಕೆ ಮತ್ತಷ್ಟು ಕಷ್ಟ. ನೆಲದಲ್ಲಿರುವ ಬೇರಿಗೆ ಭೂಮಿಯ ಕಾವು ಸಿಕ್ಕರೆ, ಕುಂಡದ ಬೇರಿಗೆ ಸುತ್ತಲಿಂದಲೂ ಚಳಿ ತಟ್ಟುತ್ತದೆ.

ಬಾಳೆ, ಪರಂಗಿಯಂತಹ ಉಷ್ಣಪ್ರದೇಶದ ಗಿಡಗಳಿಗೆ ಹಿಮವೇ ಬೀಳಬೇಕೆಂದಿಲ್ಲ. ಬರಿಯ ಶೀತದಿಂದಲೇ ಅವುಗಳ ಬೆಳವಣಿಗೆ ನಿಂತು ಎಲೆ ಹಳದಿಯಾಗುತ್ತದೆ. ಕರಿಬೇವು ದೊಡ್ಡ ಚಳಿಯಲ್ಲಿ ಎಲೆಯುದುರಿಸಿ ನಿದ್ರೆ ಹೋಗುವುದು ಅದರ ಸ್ವಭಾವ. ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಅದು ತಾನಾಗಿ ಬೆಳೆಯುವ ಗಿಡವೆಂಬುದನ್ನು ನೆನೆದರೆ, ಅಷ್ಟೊಂದು ನಾಜೂಕಿನದಲ್ಲವೆಂಬುದು ಮನದಟ್ಟಾಗುತ್ತದೆ.

ಎಲೆ ಸತ್ತುದನ್ನು ಗಿಡವೇ ಸತ್ತಿತೆಂದು ಎಣಿಸಬಾರದು. ಬೇರಿನಲ್ಲಿಯೂ ಬುಡದಲ್ಲಿಯೂ ಕೂಡಿಟ್ಟ ಆಹಾರವು ಗಿಡದ ಮುದ್ದತ್ತು ಠೇವಣಿಯಿದ್ದಂತೆ. ಅವಧಿಗೆ ಮುನ್ನ ಮುರಿದವನಿಗೆ ನಷ್ಟ. ಜನವರಿಯಲ್ಲಿಯೇ ಕರಿದ ಕೊಂಬೆಗಳನ್ನು ಕತ್ತರಿಸಿದರೆ ಎರಡು ವಿಧದ ಕೇಡು. ಮೇಲಿನ ಒಣ ಎಲೆ ಕೊಂಬೆಗಳು ಕೆಳಗಿನ ಜೀವಂತ ಮೊಗ್ಗುಗಳಿಗೆ ಹೊದಿಕೆಯಾಗಿರುತ್ತವೆ, ಅದು ತಪ್ಪುತ್ತದೆ. ಅಲ್ಲದೆ ಕತ್ತರಿಸಿದೊಡನೆ, ನಡುವೆ ನಾಲ್ಕು ದಿನ ಬಿಸಿಲು ಬಂದರೆ, ಗಿಡ ಮೋಸಹೋಗಿ ಚಿಗುರುತ್ತದೆ. ಮುಂದಿನ ಶೀತದ ಅಲೆ ಆ ಎಳೆಯ ಚಿಗುರನ್ನು ಸುಟ್ಟು, ಠೇವಣಿ ವ್ಯರ್ಥವಾಗುತ್ತದೆ. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಹೋಗುವುದೆಂಬ ಹಿರಿಯರ ಮಾತು ಇಲ್ಲಿ ದಾರಿದೀಪ. ದೆಹಲಿಯಲ್ಲಿ ಇನ್ನೂ ಕೆಲವು ದಿನ ತಾಳಿ, ಹೋಳಿಯ ಹೊತ್ತಿಗೆ ಕತ್ತರಿ ಹಿಡಿಯುವುದು ಕ್ಷೇಮ.

ಅಲ್ಲಿಯವರೆಗೆ ಸುಮ್ಮನಿರಲಾರದವರು ಉಗುರಿನಿಂದ ಪರೀಕ್ಷಿಸಬಹುದು. ಕೊಂಬೆಯ ತುದಿಯಿಂದ ಪ್ರಾರಂಭಿಸಿ ತೊಗಟೆಯನ್ನು ಸಾಸಿವೆಯಷ್ಟು ಕೆರೆದು ನೋಡಬೇಕು. ಕಂದುಬಣ್ಣವಿದ್ದು ಒಣಗಿದ್ದರೆ ಆ ಭಾಗ ಸತ್ತಿದೆ. ಒಂದು ಗೇಣು ಕೆಳಕ್ಕೆ ಬಂದು ಮತ್ತೆ ಕೆರೆಯಬೇಕು. ಹಸಿರು, ತೇವ ಕಂಡಲ್ಲಿ ಜೀವವಿದೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ದಿನಕ್ಕೊಮ್ಮೆ ಕೆರೆಯುತ್ತ ಗಿಡದ ಚರ್ಮ ಸುಲಿಯಬೇಕಾಗಿಲ್ಲ. ಬುಡದವರೆಗೂ ಹಸಿರು ಕಾಣದಿದ್ದರೂ ಕರಿಬೇವನ್ನು ಕೀಳಬಾರದು. ಬೇರಿನಿಂದ ಮರಿಸಸಿಗಳು ಏಳುವುದುಂಟು. ಚಿಗುರು ಸ್ಪಷ್ಟವಾಗಿ ಕಂಡಮೇಲೆ, ಎಲ್ಲಕ್ಕಿಂತ ಮೇಲಿನ ಚಿಗುರಿನ ತುಸು ಮೇಲೆ ಓರೆಯಾಗಿ ಕತ್ತರಿಸಿದರೆ ಸಾಕು.

ಇನ್ನೊಂದು ತಪ್ಪು ಅಕ್ಕರೆಯಿಂದಾಗುವುದು. ಗಿಡ ಬಾಡಿತೆಂದು ಚೊಂಬುಗಟ್ಟಲೆ ನೀರೆರೆಯುತ್ತಾರೆ, ಗೊಬ್ಬರ ಹಾಕುತ್ತಾರೆ, ಕರಿಬೇವಿಗೆಂದು ಹುಳಿಮಜ್ಜಿಗೆ ಸುರಿಯುತ್ತಾರೆ. ಎಲೆಯೇ ಇಲ್ಲದ ಗಿಡ ನೀರು ಕುಡಿಯುವುದು ಅತ್ಯಲ್ಪ. ತಣ್ಣಗೆ ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ. ಮೇಲ್ಮಣ್ಣು ಒಣಗಿದಾಗ ಸ್ವಲ್ಪ ನೀರು, ಅಷ್ಟೇ. ಗೊಬ್ಬರಕ್ಕೂ ಮಜ್ಜಿಗೆಗೂ ಚಿಗುರು ಬಂದ ಮೇಲೆ ಕಾಲವಿದೆ.

ಬಾಳೆಯ ದಿಂಡು ಮೆತ್ತಗಾಗಿ ಕುಸಿದರೂ ನೆಲದೊಳಗಿನ ಗಡ್ಡೆಯಿಂದ ಹೊಸ ಕಂದು ಬರುತ್ತದೆ. ಪರಂಗಿಯದು ಟೊಳ್ಳು ಕಾಂಡ. ತುದಿ ಕೊಳೆತರೆ ಗಟ್ಟಿಯಾದ ಭಾಗದವರೆಗೆ ಕತ್ತರಿಸಿ, ಮಳೆನೀರು ಒಳಗೆ ನಿಲ್ಲದಂತೆ ಬಾಯಿಗೆ ಪ್ಲಾಸ್ಟಿಕ್ ಕಟ್ಟಬೇಕು. ಕಸಿ ಮಾಡಿದ ನಿಂಬೆ, ಮಾವುಗಳಲ್ಲಿ ಕಸಿಯ ಗಂಟಿನ ಕೆಳಗಿನಿಂದ ಬಂದ ಚಿಗುರು ಕಾಡುಗಿಡದ್ದು. ಅದನ್ನು ನೋಡಿ ಹಿಗ್ಗದೆ ತೆಗೆದುಹಾಕುವುದು ಒಳಿತು. ಮಲ್ಲಿಗೆಯ ಬುಡ ಬಹುಮಟ್ಟಿಗೆ ಬದುಕಿರುತ್ತದೆ.

ಬರುವ ಚಳಿಗಾಲಕ್ಕೆ ಸಿದ್ಧತೆ ದಸರೆಯಿಂದಲೇ ಆರಂಭವಾಗಬೇಕು. ಆ ಬಳಿಕ ಯೂರಿಯಾದಂತಹ ಸಾರಜನಕದ ಗೊಬ್ಬರ ಹಾಕಿದರೆ ಎಳೆಯ ಎಲೆ ಹೊರಟು ಹಿಮಕ್ಕೆ ಬಲಿಯಾಗುತ್ತದೆ. ಉತ್ತರದ ತೋಟಗಾರರು ಮಾವಿನ ಸಸಿಗಳಿಗೆ ಮೂರು ಕಡೆ ಹುಲ್ಲಿನ ತಟ್ಟಿ ಕಟ್ಟಿ, ಬಿಸಿಲಿಗಾಗಿ ಆಗ್ನೇಯ ದಿಕ್ಕನ್ನು ತೆರೆದಿಡುತ್ತಾರೆ. ಮನೆಯಂಗಳಕ್ಕೂ ಅದೇ ಉಪಾಯ. ಹಿಮದ ಸೂಚನೆಯಿದ್ದ ಸಂಜೆ ನೆಲಕ್ಕೆ ಹದವಾಗಿ ನೀರುಣಿಸಿದರೆ, ಒದ್ದೆ ಮಣ್ಣು ಶಾಖವನ್ನು ಹಿಡಿದಿಟ್ಟು ರಾತ್ರಿಯಲ್ಲಿ ಬಿಡುತ್ತದೆ. ಹೊದಿಸುವ ಹಳೆಯ ಸೀರೆ ನೆಲದವರೆಗೆ ಇಳಿದಿರಲಿ, ಎಲೆಗೆ ತಾಗದಿರಲಿ. ಬೆಳಗ್ಗೆ ತೆಗೆಯುವುದನ್ನು ಮರೆಯಬಾರದು. ಎಲೆ ಸುಟ್ಟು ಹೊಗೆ ಹಾಕುವ ಹಳ್ಳಿಯ ಪದ್ಧತಿ ದೆಹಲಿಗೆ ಸಲ್ಲದು. ಅದು ನಿಷಿದ್ಧ, ಈ ನಗರದ ಚಳಿಗಾಲದ ಗಾಳಿ ಮಕ್ಕಳ, ವೃದ್ಧರ ಶ್ವಾಸಕೋಶಕ್ಕೆ ಈಗಾಗಲೇ ಸಾಕಷ್ಟು ಭಾರವಾಗಿದೆ.

ತುಳಸಿ ಹಿಮಕ್ಕೆ ಬೇಗ ಕರಿದುಹೋಗುವುದರಿಂದ, ಉತ್ಥಾನದ್ವಾದಶಿಯ ಪೂಜೆ ಮುಗಿದ ವಾರದಲ್ಲಿ ಒಣಗಿದ ಕದಿರುಗಳಿಂದ ಬೀಜ ಉದುರಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿಡಬೇಕು. ಮಾರ್ಚ್‌ನಲ್ಲಿ ಬಿತ್ತಿದರೆ ಕಟ್ಟೆ ಬರಿದಾಗದು. ವೀಳ್ಯದ ಬಳ್ಳಿ ಮಾತ್ರ ಯಾವ ಹೊದಿಕೆಗೂ ಒಪ್ಪುವುದಿಲ್ಲ. ಅದನ್ನು ಕುಂಡದಲ್ಲಿಯೇ ಬೆಳೆಸಿ, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮನೆಯೊಳಗೆ ಬೆಳಕು ಬೀಳುವ ಕಿಟಕಿಯ ಬಳಿ ಇಟ್ಟುಕೊಳ್ಳಬೇಕು.