ಅಣ್ಣನ ತಲೆಯ ಕಬ್ಬಿಣ, ಮೊಮ್ಮಗಳ ನೀಲಿ ಮಾತ್ರೆ

ಶಿವನಸಮುದ್ರಕ್ಕೆ ನಮ್ಮ ಕಡೆಯ ಹಳಬರು ಈಗಲೂ ‘ಬ್ಲಫ್’ ಅನ್ನುತ್ತಾರೆ. ಅಲ್ಲಿನ ವಿದ್ಯುದಾಗಾರದಲ್ಲಿ ನಮ್ಮಣ್ಣ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫಿಟ್ಟರ್ ಆಗಿದ್ದರು. ನಾನು ಮಳವಳ್ಳಿಯ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೆ. ಅವರದು ಕಬ್ಬಿಣದ ಲೆಕ್ಕ, ನನ್ನದು ಕಾಸಿನ ಲೆಕ್ಕ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ಅಣ್ಣನಿಗೆ ಈಗ ಎಂಬತ್ತೆರಡು. ಎರಡು ವರ್ಷದ ಹಿಂದೆ ಒಂದು ಸಂಜೆ ಸಂತೆಯಿಂದ ಹಿಂದಿರುಗುವಾಗ, ಹುಟ್ಟಿ ಬೆಳೆದ ಊರಿನಲ್ಲೇ ದಾರಿ ತಪ್ಪಿದರು. ಆಮೇಲೆ “ಊಟ ಆಯ್ತೇನ್ಲಾ?” ಎಂದು ಒಂದೇ ಗಂಟೆಯಲ್ಲಿ ನಾಲ್ಕು ಸಲ ಕೇಳತೊಡಗಿದರು. ಮೈಸೂರಿಗೆ ಕರೆದುಕೊಂಡು ಹೋದೆವು. ಪರೀಕ್ಷೆ, ರಕ್ತ, ಎಂ.ಆರ್.ಐ. ಎಲ್ಲ ಮುಗಿದ ಮೇಲೆ ಡಾಕ್ಟರು ‘ಆಲ್ಝೈಮರ್’ ಎಂದರು.

ಈ ವರ್ಷ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಏಳನೇ ತರಗತಿಯ ನನ್ನ ಮೊಮ್ಮಗಳ ಜಾಮಿಟ್ರಿ ಬಾಕ್ಸಿನಲ್ಲಿ ಐದು ನೀಲಿ ಮಾತ್ರೆಗಳು ಸಿಕ್ಕವು. ಶಾಲೆಯಲ್ಲಿ ವಾರಕ್ಕೊಂದರಂತೆ ಕೊಡುವ ಕಬ್ಬಿಣದ ಮಾತ್ರೆ. ಟೀಚರ ಎದುರು ಬಾಯಿಗೆ ಹಾಕಿದಂತೆ ಮಾಡಿ ಜೇಬಿಗೆ ಇಳಿಸಿದ್ದಳು. ಅವಳಿಗೆ ರಕ್ತ ಕಡಿಮೆ. ಎರಡು ಮಹಡಿ ಹತ್ತಿದರೆ ಏದುಸಿರು. ಹತ್ತಿರ ಕೂರಿಸಿಕೊಂಡು ಕೇಳಿದೆ.

“ತಾತ, ತಲೇಲಿ ಕಬ್ಬಿಣ ಸೇರ್ಕೊಂಡ್ರೆ ಮರೆವು ಬರುತ್ತಂತೆ. ಅಮ್ಮನ ಫೋನಲ್ಲಿ ಬಂದಿತ್ತು. ದೊಡ್ಡ ತಾತನಿಗೂ ಹಂಗೇ ಆಗಿರೋದು. ನನಗೆ ಬೇಡ.”

ಗದರಿಸಿದರೆ ಮಾತ್ರೆ ಬೇರೆ ಡಬ್ಬಿಗೆ ಹೋಗುತ್ತದೆ ಅಷ್ಟೆ. ಅಣ್ಣನನ್ನು ನೋಡುವ ಡಾಕ್ಟರನ್ನು ಕೇಳಿದೆ, ಪುಸ್ತಕ ಓದಿದೆ. ಆ ಸಂದೇಶ ಅರ್ಧ ನಿಜ ಎಂದು ತಿಳಿಯಿತು. ಲೆಡ್ಜರಿನಲ್ಲೂ ಪೂರ್ತಿ ತಪ್ಪು ಬೇಗ ಸಿಗುತ್ತದೆ, ಅರ್ಧ ಸರಿಯಿದ್ದದ್ದೇ ನಮ್ಮನ್ನು ರಾತ್ರಿ ಎಂಟರವರೆಗೆ ಕೂರಿಸುತ್ತಿತ್ತು. ಅವಳಿಗೆ ವಿವರಿಸಿದ್ದನ್ನೇ ಇಲ್ಲಿ ಬರೆಯುತ್ತೇನೆ. ಇಂಥ ಸಂದೇಶ ನಿಮ್ಮ ಮನೆಗೂ ಬಂದಿರಬಹುದು.

ಮೊದಲು ನಿಜದ ಭಾಗ. ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಝೈಮರ್ ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು 1906ರಲ್ಲಿ. ತೀರಿಕೊಂಡ ರೋಗಿಯ ಮಿದುಳಿನಲ್ಲಿ ಅವರು ವಿಚಿತ್ರವಾದ ಗಂಟುಗಳನ್ನೂ ಸಿಕ್ಕುಗಳನ್ನೂ ಕಂಡರು. 1953ರಲ್ಲಿ ಗುಡ್‌ಮನ್ ಎಂಬ ವಿಜ್ಞಾನಿ ಇಂಥ ರೋಗಿಗಳ ಮಿದುಳಿನಲ್ಲಿ ಕಬ್ಬಿಣ ಸೇರಿಕೊಂಡಿರುವುದನ್ನು ವರದಿ ಮಾಡಿದರು.

ಹಾಗೆಂದು ಮಿದುಳಿಗೆ ಕಬ್ಬಿಣವೇ ಬೇಡವೆಂದಲ್ಲ. ದೊಡ್ಡವರ ಇಡೀ ಮೈಯಲ್ಲಿ ಇರುವುದು ಮೂರು ನಾಲ್ಕು ಗ್ರಾಂ ಕಬ್ಬಿಣ, ಒಂದು ಮೊಳೆಯಷ್ಟು. ಅದರ ಬಹುಪಾಲು ರಕ್ತದಲ್ಲಿ ಆಮ್ಲಜನಕ ಹೊರುವ ಕೆಲಸದಲ್ಲಿರುತ್ತದೆ. ಮಿದುಳಿನ ತೂಕ ಮೈತೂಕದ ನೂರಕ್ಕೆ ಎರಡು ಪಾಲು. ಆದರೆ ಉಸಿರಾಡಿದ ಆಮ್ಲಜನಕದಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ಶಕ್ತಿ ತಯಾರಿಸಲು, ನರಗಳ ಮೇಲಿನ ಹೊದಿಕೆ ಕಟ್ಟಲು ಮಿದುಳಿಗೆ ಕಬ್ಬಿಣ ಬೇಕೇ ಬೇಕು.

ಕೂಡಲೇ ಬೇಡವಾದ ಕಬ್ಬಿಣವನ್ನು ಜೀವಕೋಶ ‘ಫೆರಿಟಿನ್’ ಎಂಬ ಪ್ರೋಟೀನಿನೊಳಗೆ ಇಡುತ್ತದೆ. ಅದನ್ನು ಬ್ಯಾಂಕಿನ ಲಾಕರ್ ಅನ್ನಿ. ಒಂದು ಲಾಕರಿನಲ್ಲಿ 4,500 ಪರಮಾಣುಗಳವರೆಗೆ ಹಿಡಿಸುತ್ತವೆ. ಒಳಗಿದ್ದರೆ ತೊಂದರೆಯಿಲ್ಲ. ಹೊರಗೆ ಬಿಡಿಯಾಗಿ ಓಡಾಡುವ ಕಬ್ಬಿಣ ಕೋಶದ ಗೋಡೆಗಳನ್ನು ಕೆಡಿಸಬಲ್ಲದು. ಬ್ಲಫ್‌ನಲ್ಲಿ ಮೇಲಿನಿಂದ ಟರ್ಬೈನಿಗೆ ನೀರು ಇಳಿಸುವ ದೊಡ್ಡ ಕೊಳವೆಗಳಿವೆ. ಅವಕ್ಕೆ ತುಕ್ಕು ಹಿಡಿಯದಂತೆ ಕೆರೆದು ಬಣ್ಣ ಬಳಿಯುವುದೇ ಒಂದು ಕೆಲಸ ಎಂದು ಅಣ್ಣ ಹೇಳುತ್ತಿದ್ದರು. ಮಿದುಳಿನಲ್ಲೂ ಅಂಥ ಕಾವಲು ನಡೆಯುತ್ತಲೇ ಇರುತ್ತದೆ. ವಯಸ್ಸಾದಂತೆ ಎಲ್ಲರ ಮಿದುಳಿನ ಕೆಲವು ಭಾಗಗಳಲ್ಲೂ ಕಬ್ಬಿಣ ಏರುತ್ತದೆ, ಕಾಯಿಲೆ ಇಲ್ಲದವರಲ್ಲೂ. ಇದನ್ನು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 1958ರಲ್ಲೇ ಅಳೆದು ತೋರಿಸಿದ್ದರು.

ಆಗ ಅಳೆಯಬೇಕಾದರೆ ಮನುಷ್ಯ ಸತ್ತಿರಬೇಕಿತ್ತು. ಈಗ ಬದುಕಿರುವವರ ಮಿದುಳಿನಲ್ಲೂ ಕಬ್ಬಿಣದ ಗುರುತು ನೋಡಬಹುದು. ಅದು ಎಂ.ಆರ್.ಐ. ಯಂತ್ರದ ಉಪಕಾರ.

ಮಕ್ಕಳೇ, ಕಾವೇರಿಯ ಒಣ ಮರಳಿನಲ್ಲಿ ಅಯಸ್ಕಾಂತ ಆಡಿಸಿ ನೋಡಿದ್ದೀರಾ? ಕಪ್ಪು ಕಣಗಳು ಮೀಸೆಯಂತೆ ಅಂಟಿಕೊಳ್ಳುತ್ತವೆ. ಕಬ್ಬಿಣಕ್ಕೂ ಅಯಸ್ಕಾಂತಕ್ಕೂ ಇರುವ ಆ ನಂಟೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಎಂ.ಆರ್.ಐ. ಎಂದರೆ ಮನುಷ್ಯ ಒಳಗೆ ಮಲಗುವಷ್ಟು ದೊಡ್ಡ ಅಯಸ್ಕಾಂತ. ಅದರ ಬಲ ಭೂಮಿಯ ಕಾಂತಬಲದ ಹತ್ತಾರು ಸಾವಿರ ಪಟ್ಟು. ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ ಕಣಗಳು ಅದರೊಳಗೆ ಶಾಲೆಯ ಡ್ರಿಲ್ಲಿನ ಮಕ್ಕಳಂತೆ ಸಾಲಿಗೆ ಬರುತ್ತವೆ. ರೇಡಿಯೋ ಅಲೆಯಿಂದ ಮೆಲ್ಲನೆ ತಟ್ಟಿದರೆ ಎಲ್ಲವೂ ಒಂದೇ ತಾಳದಲ್ಲಿ ತಿರುಗಿ ಸಂಕೇತ ಕೊಡುತ್ತವೆ. ಆದರೆ ಸಾಲಿನಲ್ಲಿ ಒಬ್ಬ ತುಂಟ ಇದ್ದರೆ ಅಕ್ಕಪಕ್ಕದವರ ಹೆಜ್ಜೆಯೂ ತಪ್ಪುತ್ತದಲ್ಲವೇ? ಕಬ್ಬಿಣ ಆ ತುಂಟ. ಅದಿರುವ ಕಡೆ ತಾಳ ಬೇಗ ಕೆಟ್ಟು, ಸಂಕೇತ ಬೇಗ ಆರಿ, ಚಿತ್ರದಲ್ಲಿ ಆ ಜಾಗ ಕಪ್ಪಾಗಿ ಕಾಣುತ್ತದೆ. ಎಷ್ಟು ತಾಳ ಕೆಟ್ಟಿದೆ ಎಂಬುದರ ಮೇಲೆ ಕಬ್ಬಿಣ ಎಷ್ಟಿರಬಹುದೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ದೆಹಲಿ ಬಳಿಯ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವಿದೆ. ಅಲ್ಲಿನ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೆನಪಿಗೆ ಮುಖ್ಯವಾದ ‘ಹಿಪೊಕ್ಯಾಂಪಸ್’ ಭಾಗದಲ್ಲಿ ಆಲ್ಝೈಮರ್ ರೋಗಿಗಳಿಗೆ ಕಬ್ಬಿಣ ಹೆಚ್ಚಿತ್ತು, ತುಕ್ಕು ತಡೆಯುವಂಥ ‘ಗ್ಲುಟಾಥಯೋನ್’ ಕಡಿಮೆಯಿತ್ತು.

ನಮ್ಮ ರಾಜ್ಯದಲ್ಲೂ ದೊಡ್ಡ ಕೆಲಸವೊಂದು ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದ್ದಾರೆ. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆ, ಮಿದುಳಿನ ಎಂ.ಆರ್.ಐ. ಎಲ್ಲವೂ ಅದರಲ್ಲಿ ಸೇರಿವೆ. ಇದನ್ನು ಓದಿದಾಗ ನನಗೊಂದು ಹೆಮ್ಮೆ. 1902ರ ಜೂನ್ 30ರಂದು ನಮ್ಮ ಬ್ಲಫ್‌ನಿಂದ ಮೊದಲು ಕರೆಂಟು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಈಗ ಅದೇ ಜಿಲ್ಲೆಯ ರೈತರು ತಮ್ಮ ತಲೆಯ ಚಿತ್ರ ತೆಗೆಸಿಕೊಂಡು ನಮ್ಮಂಥವರಿಗೆ ಬೆಳಕು ಕೊಡುತ್ತಿದ್ದಾರೆ.

ಇನ್ನು ಸಂದೇಶದ ಸುಳ್ಳಿನ ಭಾಗ. ಕಬ್ಬಿಣ ಸೇರಿದ್ದರಿಂದ ಕಾಯಿಲೆ ಬಂತೋ, ಕಾಯಿಲೆಯಿಂದ ಕಬ್ಬಿಣ ಸೇರಿತೋ ಎಂಬುದು ವಿಜ್ಞಾನಿಗಳಲ್ಲೇ ಇತ್ಯರ್ಥವಾಗಿಲ್ಲ. ಕಬ್ಬಿಣ ತೆಗೆದರೆ ಸರಿಹೋದೀತೇ ಎಂದು ಆಸ್ಟ್ರೇಲಿಯಾದಲ್ಲಿ 81 ಜನರ ಮೇಲೆ ಒಂದು ವರ್ಷ ಪ್ರಯೋಗ ನಡೆಯಿತು. ಥಲಸೇಮಿಯಾ ರೋಗಿಗಳ ಮೈಯಲ್ಲಿ ಹೆಚ್ಚಾದ ಕಬ್ಬಿಣ ತೆಗೆಯುವ ‘ಡೆಫೆರಿಪ್ರೋನ್’ ಔಷಧವನ್ನು ಕೆಲವರಿಗೆ ಕೊಟ್ಟರು. 2024ರಲ್ಲಿ ಫಲಿತಾಂಶ ಬಂತು. ಎಂ.ಆರ್.ಐ. ಚಿತ್ರದಲ್ಲಿ ಹಿಪೊಕ್ಯಾಂಪಸಿನ ಕಬ್ಬಿಣವೇನೋ ಇಳಿದಿತ್ತು. ಆದರೆ ಔಷಧ ತಿಂದವರ ಬುದ್ಧಿಶಕ್ತಿ ತಿನ್ನದವರಿಗಿಂತ ಬೇಗ ಕುಂದಿತ್ತು. ಮಿದುಳಿಗೆ ಬೇಕಾದದ್ದನ್ನೂ ಕಿತ್ತುಕೊಂಡಂತೆ ಆಯಿತೇನೋ.

ರಕ್ತದ ಖಾತೆ ಬೇರೆ, ಮಿದುಳಿನ ಖಾತೆ ಬೇರೆ. ನಡುವೆ ಬಿಗಿಯಾದ ಕಾವಲಿದೆ. ತಿಂದ ಕಬ್ಬಿಣವೆಲ್ಲ ನೇರವಾಗಿ ತಲೆಗೆ ಹೋಗುವುದಿಲ್ಲ. ಅಣ್ಣ ಕೈಯಲ್ಲಿ ಹಿಡಿದ ಸ್ಪ್ಯಾನರಿನ ಕಬ್ಬಿಣವೂ ಹೋಗಿಲ್ಲ. ಶಾಲೆಯ ವಾರದ ಮಾತ್ರೆಯಿಂದ ಆಲ್ಝೈಮರ್ ಬರುತ್ತದೆಂದು ಯಾವ ಅಧ್ಯಯನವೂ ತೋರಿಸಿಲ್ಲ. ಬೆಳೆಯುವ ಮಕ್ಕಳಿಗೆ ಕಬ್ಬಿಣ ಸಾಲದಿದ್ದರೆ ಸುಸ್ತು, ಪಾಠದಲ್ಲಿ ಗಮನ ನಿಲ್ಲದಿರುವುದು ಮಾತ್ರ ನಿಶ್ಚಿತ. ಊಟವಾದ ಮೇಲೆ ಮಾತ್ರೆ ನುಂಗಿ. ಟೀ, ಕಾಫಿ ಜೊತೆ ಬೇಡ. ನಿಂಬೆಹಣ್ಣು, ನೆಲ್ಲಿಕಾಯಿ ತಿಂದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ.

ನನ್ನ ವಯಸ್ಸಿನವರಿಗೂ ಎರಡು ಮಾತು. ರಕ್ತ ಪರೀಕ್ಷೆ ಇಲ್ಲದೆ ಕಬ್ಬಿಣದ ಟಾನಿಕ್ ಕುಡಿಯಬೇಡಿ. ಗೊತ್ತಿರುವ ದಾರಿ ತಪ್ಪುವುದು, ಚಿಲ್ಲರೆ ಲೆಕ್ಕ ತಪ್ಪುವುದು, ಕೇಳಿದ್ದನ್ನೇ ಕೇಳುವುದು ಕಂಡರೆ ‘ವಯಸ್ಸಾಯಿತು’ ಎಂದು ಸುಮ್ಮನಾಗದೆ ವೈದ್ಯರಲ್ಲಿಗೆ ಹೋಗಿ. ಬಿ-12 ಕೊರತೆ, ಥೈರಾಯ್ಡ್, ಮನಸ್ಸಿನ ಖಿನ್ನತೆಯಿಂದಲೂ ಮರೆವು ಬರಬಹುದು. ಅವಕ್ಕೆಲ್ಲ ಚಿಕಿತ್ಸೆ ಉಂಟು. ಮಾಮೂಲಿ ಎಂ.ಆರ್.ಐ. ಮಾಡಿಸುವುದು ಕಬ್ಬಿಣ ಅಳೆಯಲಿಕ್ಕಲ್ಲ. ಗಡ್ಡೆ, ಪಾರ್ಶ್ವವಾಯು, ರಕ್ತಸ್ರಾವ ಇವೆಯೇ, ಮಿದುಳು ಎಲ್ಲಿ ಕುಗ್ಗಿದೆ ಎಂದು ನೋಡಲಿಕ್ಕೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದ್ದರೆ ಮೊದಲೇ ಹೇಳಿ. ಉಂಗುರ, ಉಡುದಾರ, ಕಟ್ಟಿಸಿದ ಹಲ್ಲು ತೆಗೆದಿಟ್ಟು ಹೋಗಿ. ಒಳಗೆ ಟಕಟಕ ಸದ್ದು ಜೋರು. ನಮ್ಮಣ್ಣ ಮಾತ್ರ “ಬೇರಿಂಗ್ ಹೋಗಿರಬೇಕು” ಎಂದು ಹೇಳಿ ಅಲ್ಲಿದ್ದವರನ್ನೆಲ್ಲ ನಗಿಸಿದ್ದರು.

ದಸರಾ ರಜೆಗೆಂದು ಶಾಲೆಯಿಂದ ಮಾತ್ರೆ ಕೊಟ್ಟು ಕಳಿಸಿದ್ದರು. ಮೊದಲ ವಾರ ಊಟದ ಮೇಲೆ ಜಗಲಿಯಲ್ಲಿ ಕೂತು ಮೊಮ್ಮಗಳು ಅದನ್ನು ಅಂಗೈಯಲ್ಲಿಟ್ಟುಕೊಂಡಳು. ಪಕ್ಕದಲ್ಲಿ ಅಣ್ಣ.

“ಇದೇನವ್ವ, ನೀಲಿಗದೆ?”

“ಕಬ್ಬಿಣ, ದೊಡ್ಡ ತಾತ.”

“ಕಬ್ಬಿಣವಾ? ಸರಿ ನುಂಗು. ತುಕ್ಕು ಹಿಡೀದಂಗೆ ನೋಡ್ಕೋ.”

ನಗುತ್ತಾ ನುಂಗಿದಳು. ಹತ್ತು ನಿಮಿಷ ಕಳೆದು ಅಣ್ಣ ಮತ್ತೆ ಕೇಳಿದರು: “ಆಗ ಕೈಲಿ ಏನೋ ನೀಲಿಗಿತ್ತಲ್ಲ, ಏನವ್ವ ಅದು?” ಅವಳು ಮೊದಲ ಸಲ ಕೇಳಿದಂತೆಯೇ ಹೇಳಿದಳು: “ಕಬ್ಬಿಣ, ದೊಡ್ಡ ತಾತ.”