ಹಡಗಿನೊಡಲ ನೀರು

ಕುದುರೆಮುಖದ ಅದಿರನ್ನು ಒಯ್ಯಲು ಪಣಂಬೂರಿಗೆ ಬರುತ್ತಿದ್ದ ಹಡಗುಗಳು ಬರಿದಾಗಿ ಬರುತ್ತಿರಲಿಲ್ಲ. ಸರಕಿಲ್ಲದ ಹಡಗು ಹೊಯ್ದಾಡದಿರಲೆಂದು, ಹೊರಟ ರೇವಿನ ನೀರನ್ನೇ ಒಡಲಲ್ಲಿ ತುಂಬಿಕೊಳ್ಳುತ್ತದೆ. ಸರಕು ಏರಿದಂತೆ ಅದನ್ನು ಹೊರಚೆಲ್ಲುತ್ತದೆ. ಪರದೇಶದ ಪಾಚಿ, ಚಿಪ್ಪುಜೀವಿಗಳ ಮರಿಗಳು ಹೀಗೆ ಸದ್ದಿಲ್ಲದೆ ಇಳಿಯುತ್ತವೆ.

2004ರಲ್ಲಿ ರೂಪುಗೊಂಡು 2017ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಒಪ್ಪಂದ ಇದಕ್ಕೊಂದು ಮಿತಿ ಹಾಕಿದೆ. ನೀರನ್ನು ಸೋಸಿ, ಅತಿನೇರಳೆ ಕಿರಣ ಹಾಯಿಸಿಯೋ ಕ್ಲೋರಿನ್ ಬೆರೆಸಿಯೋ ಹೊರಬಿಡುವಾಗ, ಒಂದು ಘನಮೀಟರಿನಲ್ಲಿ 50 ಮೈಕ್ರಾನ್ ಅಥವಾ ಅದಕ್ಕೂ ದೊಡ್ಡದಾದ ಜೀವಂತ ಜೀವಿಗಳು 10ಕ್ಕಿಂತ ಕಡಮೆ ಇರಬೇಕು. ಇದು ಅತಿಯಾಯಿತೆನ್ನುವವರಿಗೆ ನಮ್ಮ ಹಲಸೂರು ಕೆರೆಯನ್ನು ತೋರಿಸಬೇಕೆಂದು ನನಗನಿಸುತ್ತದೆ. ಕಡಲಿಗೆ ಇಷ್ಟು ದೂರವಾದ ಈ ನೀರಿಗೂ ದಕ್ಷಿಣ ಅಮೆರಿಕದ ಅಂತರಗಂಗೆ ಬಂದಿತು. ತಂದದ್ದು ಹಡಗಿನ ನೀರಲ್ಲ, ಹೂವಿಗೆ ಮರುಳಾದ ಮನುಷ್ಯ. ನೆಲೆಯೂರಿದ ಮೇಲೆ ಬಂದ ದಾರಿ ಯಾವುದಾದರೇನು? ಕಿತ್ತು ದಡಕ್ಕೆಸೆದರೂ, ಉಳಿದ ತುಂಡುಗಳಿಂದ ಕೆಲವೇ ವಾರಗಳಲ್ಲಿ ಮತ್ತೆ ಹಬ್ಬುತ್ತದೆ.